ರಾತ್ರಿ ಊಟ ಆದ ಮೇಲೆ ಹದಿನೈದು ನಿಮಿಷ

ಊಟ ಮುಗಿದ ಕೂಡಲೇ ಸೋಫಾಗೆ ಒರಗಬೇಡಿ. ತಟ್ಟೆ ತೊಳೆದಿಟ್ಟು, ಚಪ್ಪಲಿ ಮೆಟ್ಟಿಕೊಂಡು 10-15 ನಿಮಿಷ ನಿಧಾನಕ್ಕೆ ನಡೆಯಿರಿ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ, ಹಾಗಾಗಿ ಅನ್ನ ಸ್ವಲ್ಪ ಜಾಸ್ತಿ ತಿಂದ ದಿನವೂ ಅದು ಅಷ್ಟೊಂದು ಏರುವುದಿಲ್ಲ. ಓಡುವುದೇನೂ ಬೇಡ. ಮಳೆ ಬಂದರೆ ಹಾಲ್‌ನಲ್ಲೇ ಓಡಾಡಿ. ನಮ್ಮನೆಯಲ್ಲಿ ಅಡುಗೆಮನೆಯಿಂದ ಬಾಗಿಲಿಗೆ 14 ಹೆಜ್ಜೆ, ಎಣಿಸಿದ್ದೇನೆ!

ಫೋನ್ ಮನೆಯಲ್ಲೇ ಇರಲಿ. ಇದೇ ಕಷ್ಟ, ಅಲ್ವಾ? ಬದಲಿಗೆ ಮನೆಯವರನ್ನು ಯಾರನ್ನಾದರೂ ಕರೆದುಕೊಂಡು ಹೋಗಿ. ಎದುರು ಕೂತರೆ ಬಾಯಿಬಿಡದ ನನ್ನ ಮಗ ಪಕ್ಕದಲ್ಲಿ ನಡೆಯುವಾಗ, ಮೂರನೇ ತಿರುವಿನ ಹೊತ್ತಿಗೆ, ತಾನಾಗಿಯೇ ಶಾಲೆಯ ಬೇಜಾರು ಹೇಳಿಕೊಳ್ಳುತ್ತಾನೆ. ಆಗ ಉಪದೇಶ ಶುರು ಮಾಡಬೇಡಿ, ಸುಮ್ನೆ ಹ್ಞೂಂ ಅನ್ನಿ.

ವಾಪಸ್ ಬಂದು ಕಾಫಿ ಬೇಡ, ನಿದ್ದೆ ಕೆಡುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ.