ಅರ್ಧ ದಿನದ ಲೆಕ್ಕ: ಅಪ್ಪ, ಅವ್ವ, ಮಕ್ಕಳ ಜತೆ ಅಂಗ್ಕೋರ್

ಅಪ್ಪನಿಗೆ 72, ಮೊಣಕಾಲು ನೋವು. ಅವ್ವನಿಗೆ 68, ಮೊಟ್ಟೆ ಬೇಯಿಸಿದ ಪಾತ್ರೆಯಲ್ಲಿ ಕಾಯಿಸಿದ ನೀರನ್ನೂ ಕುಡಿಯುವವಳಲ್ಲ. ಮಗಳಿಗೆ 13, ಮಗನಿಗೆ 9. ಇವರೆಲ್ಲರನ್ನೂ, ಹೆಂಡತಿಯನ್ನೂ ಕರೆದುಕೊಂಡು, ಪ್ಯಾಕೇಜ್ ಇಲ್ಲದೆ, ಹದಿಮೂರು ದಿನ ಕಾಂಬೋಡಿಯಾ ಸುತ್ತುತ್ತೇನೆ ಎಂದಾಗ ದಾವಣಗೆರೆಯಲ್ಲಿ ಒಬ್ಬರೂ ಸೈ ಎನ್ನಲಿಲ್ಲ. "ದೇವಸ್ಥಾನಕ್ಕೆ ಅರ್ಧ ದಿನ, ನಿದ್ದೆಗೆ ಅರ್ಧ ದಿನ ಎಂದರೆ ಅಷ್ಟು ದೂರ ಹೋಗುವುದಾದರೂ ಏಕೆ?" ಎಂದು ಭಾವ ಕೇಳಿದರು. 2024ರ ಜನವರಿಯಲ್ಲಿ ಹೋಗಿ ಬಂದೆವು. ಅವ್ವ ಒಂದು ಹೊತ್ತೂ ಉಪವಾಸ ಇರಲಿಲ್ಲ, ಅಪ್ಪ ಒಂದು ದಿನವೂ ಕೋಣೆಯಲ್ಲಿ ಉಳಿಯಲಿಲ್ಲ. ಈಗ ಅದೇ ಭಾವ ಲೆಕ್ಕ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ ಹೇಳಬೇಕು. 2022ರ ಡಿಸೆಂಬರಿನಲ್ಲಿ ಇದೇ ಆರು ಜನ ವಿಯೆಟ್ನಾಂಗೆ ಪ್ಯಾಕೇಜ್‌ನಲ್ಲಿ ಹೋಗಿದ್ದೆವು. ನಾಲ್ಕು ಲಕ್ಷದ ಹತ್ತಿರ ಖರ್ಚಾಯಿತು. ಶುದ್ಧ ಸಸ್ಯಾಹಾರ ಎಂದು ಬರೆದುಕೊಟ್ಟಿದ್ದರು. ತಟ್ಟೆಗೆ ಬಂದದ್ದು ಬೇಯಿಸಿದ ಗಜ್ಜರಿ ಮತ್ತು ಅನ್ನ, ಅದರ ಪಕ್ಕದಲ್ಲೇ ಸಿಗಡಿಯ ಪಾತ್ರೆ. ಅವ್ವ ನಾಲ್ಕು ದಿನ ಬಾಳೆಹಣ್ಣು, ಬಿಸ್ಕತ್ತಿನಲ್ಲಿ ಕಳೆದಳು. ಬೆಳಿಗ್ಗೆ ಒಂಬತ್ತಕ್ಕೆ ಹೊರಟ ಬಸ್ಸು ನಡುಮಧ್ಯಾಹ್ನದ ಬಿಸಿಲಿಗೆ ಸರಿಯಾಗಿ ಗುಡಿಯ ಮುಂದೆ ಇಳಿಸುತ್ತಿತ್ತು. ಉಳಿದವರು ಮೆಟ್ಟಿಲು ಹತ್ತುವಾಗ ಅಪ್ಪ ಬಸ್ಸಿನಲ್ಲೇ ಕುಳಿತಿರುತ್ತಿದ್ದರು. ಊರಿಗೆ ಬಂದ ಮೇಲೆ ತಿಂಗಳುಗಟ್ಟಲೆ ಇದೇ ಯೋಚನೆ ನನ್ನನ್ನು ಕಾಡಿತು. ತಪ್ಪು ಎರಡೇ ಕಡೆ ಇತ್ತು: ನಮ್ಮದೇ ಅಡುಗೆಮನೆ ಇರಲಿಲ್ಲ, ಮತ್ತು ಹಗಲು ಹನ್ನೊಂದರಿಂದ ಮೂರರವರೆಗೆ ನಾವು ನೆರಳಿನಲ್ಲಿ ಇರಲಿಲ್ಲ.

ಕಾಂಬೋಡಿಯಾದ ಹಳೆಯ ಗುಡಿಗಳ ನೆಲೆಯಾದ ಅಂಗ್ಕೋರ್‌ಗೆ ಮೂರು ಬಗೆಯ ಪಾಸುಗಳಿವೆ. ನಾವು ಹೋದಾಗ ಒಂದು ದಿನದ್ದಕ್ಕೆ 37 ಡಾಲರ್, ಮೂರು ದಿನದ್ದಕ್ಕೆ 62, ಏಳು ದಿನದ್ದಕ್ಕೆ 72. ಹೆಚ್ಚಿನ ಕುಟುಂಬಗಳು ಮೂರು ದಿನದ್ದನ್ನು ಕೊಂಡು, ದಿನಕ್ಕೆ ಐದಾರು ಗುಡಿಯಂತೆ ಓಡಿ ಸುಸ್ತಾಗುತ್ತವೆ. ಇನ್ನು ಹತ್ತೇ ಡಾಲರ್ ಸೇರಿಸಿದರೆ ಏಳು ಬೆಳಗುಗಳು ಸಿಗುತ್ತವೆ. ಅವನ್ನು ಒಂದು ತಿಂಗಳೊಳಗೆ ಬಿಡಿಬಿಡಿಯಾಗಿ ಬಳಸಬಹುದು. ಹನ್ನೆರಡು ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ, ಪಾಸ್‌ಪೋರ್ಟ್ ತೋರಿಸಬೇಕು ಅಷ್ಟೆ. ನಮಗೆ ಐದು ಪಾಸು, 360 ಡಾಲರ್. ಗುಡಿಗಳ ಪಕ್ಕದ ಊರಾದ ಸಿಯೆಮ್ ರೀಪ್‌ನಲ್ಲಿ ಎರಡು ಕೋಣೆ ಮತ್ತು ಅಡುಗೆಮನೆ ಇರುವ ಮನೆಯನ್ನು ಒಂಬತ್ತು ರಾತ್ರಿಗೆ ಹಿಡಿದೆವು, ದಿನಕ್ಕೆ 45 ಡಾಲರ್ ಬಿತ್ತು. ಬೆಳಿಗ್ಗೆ ಗುಡಿ, ಹತ್ತೂವರೆಗೆ ಮನೆ, ಊಟ, ನಿದ್ದೆ, ಸಂಜೆ ನಾಲ್ಕರ ನಂತರ ಊರು. ನನ್ನ ಪದ್ಧತಿ ಇಷ್ಟೇ.

ಮೊದಲ ದಿನವೇ ಎಡವಿದೆ. ಐದಕ್ಕೆ ಬಾಗಿಲು ತೆರೆಯುತ್ತದೆ ಎಂಬುದು ಎಲ್ಲ ಗುಡಿಗಳ ಮಾತಲ್ಲ. ಅಂಗ್ಕೋರ್ ವಾಟ್, ಸ್ರಹ್ ಸ್ರಾಂಗ್ ಕೊಳ, ಪ್ರೆ ರುಪ್ ಬೇಗ ತೆರೆಯುತ್ತವೆ. ತಾ ಪ್ರೋಮ್, ಬಯೋನ್ ಏಳೂವರೆಗೆ. ನಾವು ಆರಕ್ಕೇ ತಾ ಪ್ರೋಮ್ ಮುಂದೆ ಇಳಿದು ಒಂದೂವರೆ ಗಂಟೆ ಕಟ್ಟೆಯ ಮೇಲೆ ಕುಳಿತೆವು. ಅಷ್ಟು ಹೊತ್ತಿಗೆ ಬಸ್ಸುಗಳ ಸಾಲೂ ಬಂದಿತ್ತು. ಮರುದಿನದಿಂದ ಕ್ರಮ ಬದಲಾಯಿತು: ಬೇಗ ತೆರೆಯುವ ಕಡೆ ಮೊದಲು, ಉಳಿದದ್ದು ಆಮೇಲೆ. ತಾ ಪ್ರೋಮ್‌ನಲ್ಲಿ ಗುಡಿಯ ಗೋಡೆಯನ್ನು ತಬ್ಬಿದ ಮರದ ಬೇರಿನ ಮುಂದೆ ಜನವೇ ಇಲ್ಲದ ಒಂದು ಹೊತ್ತು ಇದೆ. ಅದನ್ನು ಎರಡು ಸಲ ಪರೀಕ್ಷಿಸಿ ಖಾತ್ರಿ ಮಾಡಿಕೊಂಡಿದ್ದೇನೆ. ಇಲ್ಲಿ ಬರೆದರೆ ಅದೂ ಉಳಿಯುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ. ಅಲ್ಲಿ ಜೀರ್ಣೋದ್ಧಾರದ ಕೆಲಸ ಮಾಡಿದ್ದು ನಮ್ಮ ಭಾರತೀಯ ಪುರಾತತ್ತ್ವ ಇಲಾಖೆ. ಲೋಕೋಪಯೋಗಿ ಇಲಾಖೆಯಲ್ಲಿ ಓವರ್ಸಿಯರ್ ಆಗಿ ನಿವೃತ್ತರಾದ ಅಪ್ಪ ಅದನ್ನು ಬರೆದ ಫಲಕದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಅಂಗ್ಕೋರ್ ವಾಟ್‌ಗೆ ಪಡುವಣ ಬಾಗಿಲಿನಿಂದ ಹೋಗುವುದು ರೂಢಿ. ಆ ಗುಡಿಯ ಮುಖವೇ ಪಶ್ಚಿಮಕ್ಕೆ. ಸೂರ್ಯೋದಯಕ್ಕೆ ಸಾವಿರಾರು ಜನ ಕೊಳದ ಪಕ್ಕ ಮೊಬೈಲ್ ಎತ್ತಿ ನಿಂತಿರುತ್ತಾರೆ. ನಾವು ಪೂರ್ವದ ಮಣ್ಣಿನ ದಾರಿ ಹಿಡಿದೆವು. ನೆರಳಿದೆ, ಕಲ್ಲುಹಾಸಿನ ಏರಿಳಿತ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ದಾರಿ ನೇರವಾಗಿ ಪೂರ್ವದ ಮೊಗಸಾಲೆಗೆ ತಲುಪಿಸುತ್ತದೆ. ಸಮುದ್ರ ಮಥನದ ಗೋಡೆ ಇರುವುದು ಅಲ್ಲೇ. ಸುಮಾರು ಐವತ್ತು ಮೀಟರ್ ಉದ್ದ, ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ವಾಸುಕಿಯ ಮೈ ಉಬ್ಬಿ ನಿಲ್ಲುತ್ತದೆ. ಅವ್ವ ಗೋಡೆಯುದ್ದಕ್ಕೂ ನಿಧಾನವಾಗಿ ನಡೆದು, ನಡುವೆ ಕೂರ್ಮದ ಹತ್ತಿರ ನಿಂತುಬಿಟ್ಟಳು. "ಇಲ್ಲಿ ನೋಡು, ಮೀನುಗಳು ಕತ್ತರಿಸಿ ಹೋಗಿವೆ" ಎಂದಳು. ಹೌದು, ಕೆಳಗಿನ ಸಮುದ್ರದ ಸಾಲಿನಲ್ಲಿ ದೂರದ ಮೀನುಗಳು, ಮೊಸಳೆಗಳು ಇಡಿಯಾಗಿವೆ. ಕಡೆಗೋಲಿನ ಹತ್ತಿರ ಬಂದಂತೆ ಅವು ತುಂಡುತುಂಡಾಗುತ್ತವೆ. ನಾನು ಎಷ್ಟೋ ಚಿತ್ರಗಳಲ್ಲಿ ಈ ಗೋಡೆಯನ್ನು ನೋಡಿದ್ದೆ, ಇದು ಕಂಡಿರಲಿಲ್ಲ. ಐವತ್ತು ವರ್ಷ ಮಜ್ಜಿಗೆ ಕಡೆದವಳ ಕಣ್ಣು ಮೊದಲು ಕಡೆಗೋಲಿನ ಬುಡಕ್ಕೇ ಹೋಯಿತು. ನಲವತ್ತು ನಿಮಿಷ ಅಲ್ಲಿ ನಾವು ಆರು ಜನರ ಹೊರತು ಇಬ್ಬರೋ ಮೂವರೋ ಬಂದಿರಬೇಕು. ಬೇರೆ ದಿನ ಪಡುವಣ ಮೊಗಸಾಲೆಗೆ ಹೋಗಿ ಕುರುಕ್ಷೇತ್ರ ಮತ್ತು ಲಂಕೆಯ ಯುದ್ಧ ನೋಡಿದೆವು.

ಅಂಗ್ಕೋರ್ ವಾಟ್‌ನ ಅತಿ ಮೇಲಿನ ಅಂತಸ್ತು ಬಾಕನ್. ಅಲ್ಲಿನ ಮೆಟ್ಟಿಲು ಬಹಳ ಕಡಿದು, ಹನ್ನೆರಡರೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಬೌದ್ಧರ ಶೀಲದ ದಿನಗಳಲ್ಲಿ ಅದನ್ನು ಮುಚ್ಚುತ್ತಾರೆ, ತಿಂಗಳಿಗೆ ನಾಲ್ಕು. ಆ ದಿನಗಳು ಯಾವುವು ಎಂದು ಹುಡುಕಿ ತಲೆಕೆಡಿಸಿಕೊಳ್ಳಬೇಕಿಲ್ಲ: ಎರಡು ಅಷ್ಟಮಿ, ಹುಣ್ಣಿಮೆ, ಅಮಾವಾಸ್ಯೆ. ಅವ್ವನ ಚೀಲದಲ್ಲಿದ್ದ ಪಂಚಾಂಗವೇ ಸಾಕಾಯಿತು. ಹೆಂಡತಿ, ಮಗಳು, ನಾನು ಹತ್ತಿದೆವು. ಅಪ್ಪ, ಮೊಮ್ಮಗ ಕೆಳಗೆ ಉಳಿದರು. ಇಳಿದು ಬಂದಾಗ ಅಪ್ಪ ಕಲ್ಲುಗಳಲ್ಲಿನ ದುಂಡನೆಯ ತೂತುಗಳನ್ನು ಅವನಿಂದ ಎಣಿಸುತ್ತಿದ್ದರು; ಕಲ್ಲು ಸಾಗಿಸಲು ಮಾಡಿದ ತೂತುಗಳು ಅವು. ಹೊರಗೆ ಮರಳುಗಲ್ಲು, ಒಳಗೆ ಜಂಬಿಟ್ಟಿಗೆ ಎಂದು ಅಪ್ಪ ಮೊದಲ ದಿನವೇ ಗುರುತಿಸಿದ್ದರು. "ನಮ್ಮ ಕರಾವಳಿಯ ಮನೆಗಳ ಕಲ್ಲೇ ಇದು" ಎಂದು ಸಿಕ್ಕವರಿಗೆಲ್ಲ ಹೇಳಿದರು.

ಅಡುಗೆಯ ವಿಷಯ. ನಾನು ಮಾಡಿದ ದಡ್ಡ ಖರ್ಚು ಎಂದರೆ ಊರಿನಿಂದ ವಿದ್ಯುತ್ ಅನ್ನದ ಪಾತ್ರೆ ಹೊತ್ತದ್ದು. ಮೂರು ಕೆಜಿ ಭಾರ. ನಮ್ಮ ಮೂರು ಕಡ್ಡಿಯ ಪ್ಲಗ್ ಆ ಮನೆಯ ಗೋಡೆಗೆ ಹೊಂದಲೂ ಇಲ್ಲ. ಅನ್ನವೇ ಊಟವಾಗಿರುವ ನಾಡಿನಲ್ಲಿ ಮನೆಯಲ್ಲೊಂದು ಅನ್ನದ ಪಾತ್ರೆ ಇದ್ದೇ ಇತ್ತು. ಹೊತ್ತದ್ದಕ್ಕೆ ಸಾರ್ಥಕವಾದವು ಖಡಕ್ ಜೋಳದ ರೊಟ್ಟಿ ಐವತ್ತು, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ತೊಗರಿಬೇಳೆ ಎರಡು ಕೆಜಿ, ಅವಲಕ್ಕಿ ಮತ್ತು ಅವ್ವನ ಪುಳಿಯೋಗರೆ ಗೊಜ್ಜು. ಗೊಜ್ಜು ಹದಿಮೂರು ದಿನ ಕೆಡದಂತೆ ಮಾಡುವ ಹದ ಅವ್ವನದು, ಅದನ್ನು ಹೇಳುವ ಹಕ್ಕು ನನಗಿಲ್ಲ. ಉಳಿದದ್ದು ಪ್ಸಾರ್ ಲೆವ್ ಮಾರುಕಟ್ಟೆಯಲ್ಲಿ ಸಿಗುತ್ತದೆ: ಕುಂಬಳ, ಬದನೆ, ಅಲಸಂದೆ ಕಾಯಿ, ತೆಂಗಿನಕಾಯಿ, ಹುಣಸೆ. ಆರು ಜನರ ಒಂದು ದಿನದ ಸಂತೆ ಆರೇಳು ಡಾಲರ್ ದಾಟಲಿಲ್ಲ.

ಮೊಸರಿಗಾಗಿ ಒಂದು ಪ್ರಯೋಗವೇ ನಡೆಯಿತು. ಅಂಗಡಿಯ ಮೊಸರಿನ ಡಬ್ಬದಲ್ಲಿ ಜೆಲಾಟಿನ್ ಇರಬಹುದೆಂದು ಅವ್ವ ಬೇಡವೆಂದಳು. ಪೊಟ್ಟಣದ ಹಾಲು ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಒಣಮೆಣಸಿನಕಾಯಿಯ ತೊಟ್ಟು ಏಳೆಂಟು ಹಾಕಿಟ್ಟೆವು. ಮೊದಲ ರಾತ್ರಿ ಎಸಿ ಕೋಣೆಯಲ್ಲಿಟ್ಟು ಹಾಲು ಹಾಲಾಗಿಯೇ ಉಳಿಯಿತು. ಎರಡನೆಯ ರಾತ್ರಿ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ, ಆರಿಸಿದ ಅನ್ನದ ಪಾತ್ರೆಯ ಬಿಸುಪಿನಲ್ಲಿ ಇಟ್ಟೆವು. ಬೆಳಿಗ್ಗೆ ಸ್ವಲ್ಪ ಲೋಳೆಯಾದರೂ ಮೊಸರು. ಅದನ್ನೇ ಹೆಪ್ಪಾಗಿಸಿ ಮೂರನೆಯ ದಿನ ಮಾಡಿದ್ದು ಗಟ್ಟಿ ಮೊಸರು. ಆ ಮೊಸರು, ರೊಟ್ಟಿ, ಬಾಂತಿಯಾಯ್ ಸ್ರೈ ಗುಡಿಯ ದಾರಿಯ ಹಳ್ಳಿಯಲ್ಲಿ ಕೊಂಡ ತಾಳೆ ಬೆಲ್ಲ. ನಮ್ಮ ಟುಕ್‌ಟುಕ್ ಚಾಲಕ ಎರಡು ರೊಟ್ಟಿ ತಿಂದು ಹೆಂಡತಿಗೆ ಇನ್ನೆರಡು ಕಟ್ಟಿಸಿಕೊಂಡ. ಹೊರಗೆ ತಿನ್ನುವ ದಿನಗಳಿಗೆ ಆತನಿಂದ ಒಂದು ಚೀಟಿಯನ್ನು ಅಲ್ಲಿನ ಖ್ಮೇರ್ ಲಿಪಿಯಲ್ಲಿ ಬರೆಸಿಕೊಂಡೆ. ಮಾಂಸ ಬೇಡ, ಮೀನು ಬೇಡ ಎಂದಷ್ಟೇ ಬರೆದರೆ ಸಾಲದು. ಮೀನಿನ ರಸ, ಕೊಳೆಸಿದ ಮೀನಿನ ಪ್ರಹೊಕ್ ಎರಡನ್ನೂ ಹೆಸರು ಹಿಡಿದು ಬೇಡವೆನ್ನಬೇಕು.

ವಾಹನಕ್ಕೆ ಹತ್ತಿರದ ದಿನಗಳಲ್ಲಿ ಎರಡು ಟುಕ್‌ಟುಕ್, ಅರ್ಧ ದಿನಕ್ಕೆ ತಲಾ ಹನ್ನೆರಡು ಡಾಲರ್. ದೂರಕ್ಕೆ ವ್ಯಾನ್, ನಲವತ್ತೈದರ ಸುಮಾರು. ಡಾಲರ್ ನೋಟುಗಳ ಬಗ್ಗೆ ಎಚ್ಚರ: ಅಂಚು ಹರಿದ ಐವತ್ತರ ನೋಟೊಂದನ್ನು ಮೂರು ಕಡೆ ವಾಪಸು ಕೊಟ್ಟರು, ಅದು ಹಾಗೆಯೇ ದಾವಣಗೆರೆಗೆ ಮರಳಿ ಬಂತು. ಚಿಲ್ಲರೆಯನ್ನು ಅಲ್ಲಿನ ಹಣವಾದ ರಿಯಲ್‌ನಲ್ಲಿ ಕೊಡುತ್ತಾರೆ, ಡಾಲರಿಗೆ ನಾಲ್ಕು ಸಾವಿರ ಎಂದು ಹಿಡಿದರೆ ಲೆಕ್ಕ ಸರಿಹೋಗುತ್ತದೆ. ಈ ಟುಕ್‌ಟುಕ್ ಪ್ರಯಾಣಗಳಲ್ಲೇ ಮಗಳು ಅಲ್ಲಿನ ವಾರಗಳ ಹೆಸರು ಕಲಿತಳು: ಆತಿತ್, ಚಾನ್, ಅಂಗ್‌ಕಿಯಾ, ಪುತ್, ಪ್ರಹೊವಾ, ಸೋಕ್, ಸಾವ್. ಆದಿತ್ಯ, ಚಂದ್ರ, ಅಂಗಾರಕ, ಬುಧ, ಬೃಹಸ್ಪತಿ, ಶುಕ್ರ, ಶನಿ. ಗುರುವಿಗೆ ಕ್ರು, ಶಾಲೆಗೆ ಸಾಲಾ. ಅಂಗ್ಕೋರ್ ಎಂಬುದೇ ನಗರ. ನೋಟ್‌ಬುಕ್ಕಿನಲ್ಲಿ ಅರವತ್ತು ಪದ ಸೇರಿದವು.

967ರ ಬಾಂತಿಯಾಯ್ ಸ್ರೈಯನ್ನು ಮಾತ್ರ ಯಾರೂ ಬಿಡಬಾರದು. ಗುಲಾಬಿ ಕಲ್ಲಿನ ಮೇಲೆ ಕೈಲಾಸ ಎತ್ತುತ್ತಿರುವ ರಾವಣನನ್ನು ನೋಡಿದಾಗ ಹಳೇಬೀಡು ನೆನಪಾಗದೆ ಇರದು. ಹಳೇಬೀಡಿಗಿಂತ ಇದು ಹಳೆಯದು. ಕ್ಬಾಲ್ ಸ್ಪಿಯನ್‌ಗೆ ಒಂದೂವರೆ ಕಿಲೋಮೀಟರ್ ಕಾಡಿನ ಏರು, ಅಪ್ಪನನ್ನು ಮನೆಯಲ್ಲಿ ಬಿಡಲು ಮನಸ್ಸಾಗದೆ ಅದನ್ನು ಕೈಬಿಟ್ಟೆ. ಅಲ್ಲಿ ಹೊಳೆಯ ತಳದಲ್ಲಿ ಸಾಲುಸಾಲು ಲಿಂಗಗಳಿವೆ, ಶಿರಸಿಯ ಸಹಸ್ರಲಿಂಗದ ಹಾಗೆ. ಆ ಬೆಳಗನ್ನು ರೊಲುವೋಸ್‌ಗೆ ಕೊಟ್ಟೆವು. ಒಂಬತ್ತನೆಯ ಶತಮಾನದ ಆ ರಾಜಧಾನಿಯ ಹೆಸರು ಹರಿಹರಾಲಯ. ಅವ್ವನ ತವರು ಹರಿಹರ. ಬಾಕೋಂಗ್ ಗುಡಿಯ ಮುಂದೆ ಈ ಹೆಸರು ಹೇಳಿದಾಗ ಅವ್ವ ಮೂರು ಸಲ ಹೇಳಿಸಿಕೊಂಡಳು.

ಸಿಯೆಮ್ ರೀಪ್‌ನಿಂದ ಬಟ್ಟಂಬಾಂಗ್ ಊರಿಗೆ ದೋಣಿಯಲ್ಲಿ ಹೋದದ್ದು ಇಡೀ ಪ್ರವಾಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು. ಆರು ಜನಕ್ಕೆ 150 ಡಾಲರ್. ಮಳೆಗಾಲದಲ್ಲಿ ಮೆಕಾಂಗ್ ತುಂಬಿ ನೀರು ಹಿಂದಕ್ಕೆ ಹರಿದು ತೋನ್ಲೆ ಸಾಪ್ ಸರೋವರ ಹಲವು ಪಟ್ಟು ಹಿಗ್ಗುತ್ತದೆ, ಜನವರಿಗೆ ಇಳಿಯತೊಡಗಿರುತ್ತದೆ. ಸಾಂಗ್ಕೆ ಹೊಳೆಯ ತಿರುವಿನಲ್ಲಿ ದೋಣಿ ಕೆಸರಿಗೆ ಕೂತಿತು. ಎಂಟು ಗಂಟೆ ಎಂಜಿನ್ ಸದ್ದು, ಮಗ ಎರಡು ಸಲ ವಾಂತಿ ಮಾಡಿದ. ಬಸ್ಸಿಗೆ ಇದರ ಅರ್ಧವೂ ಬೇಡ, ಹೊತ್ತೂ ಕಡಿಮೆ. ಆದರೆ ಮರುಸಂಜೆ ಪ್ನೋಮ್ ಸಂಪೋವ್ ಬೆಟ್ಟದ ಗುಹೆಯಿಂದ ಬಾವಲಿಗಳು ಹೊಗೆಯಂತೆ ಎಡೆಬಿಡದೆ ಹೊರಬರುವುದನ್ನು ನೋಡುತ್ತಾ ಮಕ್ಕಳು ಹಿಂದಿನ ದಿನವನ್ನೇ ಮರೆತರು.

ಒಟ್ಟು ಲೆಕ್ಕ: ವಿಮಾನಕ್ಕೆ ಹೋಗಿ ಬರಲು 1.95 ಲಕ್ಷ. ವೀಸಾ, ಮನೆ, ಪಾಸು, ವಾಹನ, ಊಟ ಎಲ್ಲ ಸೇರಿ ಎರಡು ಸಾವಿರ ಡಾಲರ್, ಆಗಿನ ದರದಲ್ಲಿ 1.66 ಲಕ್ಷ. ಐದು ರಾತ್ರಿಯ ಪ್ಯಾಕೇಜಿಗೆ ನನಗೆ ಹೇಳಿದ್ದ ಮೊತ್ತ 5.4 ಲಕ್ಷ. ಚಾಲಕನ ನಂಬರ್ ಕೇಳಬೇಡಿ. ಮುಂದಿನ ಸಲವೂ ಆತ ನನಗೆ ಬೇಕು.

ಕೊನೆಯ ಎರಡು ದಿನ ರಾಜಧಾನಿ ಪ್ನೋಮ್ ಪೆನ್‌ನಲ್ಲಿದ್ದೆವು. ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಪ್ರಸಾತ್ ಅಂದೆತ್ ಗುಡಿಯಿಂದ ತಂದ ಹರಿಹರ ಇದ್ದಾನೆ, ಆಳೆತ್ತರ. ತಲೆಯ ಬಲಭಾಗದಲ್ಲಿ ಜಟೆಯ ಸುರುಳಿಗಳು, ಎಡಭಾಗದಲ್ಲಿ ನುಣುಪಾದ ಕಿರೀಟ, ನಡುವೆ ನೂಲು ಹಿಡಿದಂತೆ ನೇರ ಗೆರೆ. ನಮ್ಮ ಹರಿಹರದ ಗುಡಿಯನ್ನು ಪೊಲಾಳ್ವ ದಂಡನಾಯಕ ಕಟ್ಟಿಸಿದ್ದು 1224ರ ಹೊತ್ತಿಗೆ. ಈ ಮೂರ್ತಿ ಅದಕ್ಕಿಂತ ಸುಮಾರು ಐನೂರು ವರ್ಷ ಹಿರಿಯ. ಅವ್ವ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು ಕೈಮುಗಿದಳು. ಕಾವಲಿನ ಹೆಂಗಸು ಏನೂ ಅನ್ನಲಿಲ್ಲ, ತಾನೂ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಮರುದಿನ ವಿಮಾನಕ್ಕೆ ಇನ್ನೂ ನಾಲ್ಕು ಗಂಟೆ ಇತ್ತು. "ಮತ್ತೊಮ್ಮೆ ನೋಡಿಕೊಂಡು ಬರೋಣವೇನಪ್ಪಾ?" ಎಂದು ಅವ್ವ ಕೇಳಿದಳು. ತಲೆಗೆ ಹತ್ತು ಡಾಲರ್ ಟಿಕೆಟ್ ಮತ್ತೆ ಕೊಂಡು, ಅವ್ವ, ನಾನು ಇಬ್ಬರೇ ಹೋದೆವು.