ಮೊದಲು ಹೆಂಡತಿಗೆ ಹೇಳಿ, ಆಮೇಲೆ ಅಡ್ವಾನ್ಸ್ ಕೊಡಿ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರನ್ನು ಕೇಳಿ ನೋಡಿ, ಜಾಬ್ ವರ್ಕ್ (ಬೇರೆಯವರಿಗೆ ಕೂಲಿಗೆ ಹೊಲಿಯೋದು) ಬಿಟ್ಟು ಸ್ವಂತ ಯೂನಿಟ್ ಹಾಕಬೇಕು ಅಂತಲೇ ಎಲ್ಲರ ಆಸೆ. ನನಗೂ ಇತ್ತು. ನಾಲ್ಕು ಮಷಿನ್ ಇದ್ದದ್ದನ್ನು ಹತ್ತು ಮಾಡೋಣ ಅಂತ ಒಂದು ಸಂಜೆ ಅಡ್ವಾನ್ಸ್ ಕೊಟ್ಟು ಬಂದುಬಿಟ್ಟೆ. ಮನೆಯಲ್ಲಿ ಹೇಳಿದಾಗ ಹೆಂಡತಿ ಜಗಳ ಆಡಲಿಲ್ಲ. ತೊಡೆ ಮೇಲಿನ ಪ್ಯಾಂಟಿನ ದಾರ ಕತ್ತರಿಸುತ್ತಲೇ, "ದುಡ್ಡಿಗೆ ನನ್ನ ಬಳೆ ತಾನೇ ರೀ?" ಅಂದಳು. ತಲೆ ಎತ್ತಲೂ ಇಲ್ಲ.

ಮುಂದೆ ಬರಬೇಕು ಅನ್ನೋದು ಪಾಪ ಅಲ್ಲ. ಅದರ ಬೆಲೆ ಯಾರು ಕಟ್ಟುತ್ತಾರೆ ಅಂತ ನೋಡದೇ ಇರೋದು ತಪ್ಪು. ಬೈಬಲಿನಲ್ಲಿ ಅಪೊಸ್ತಲ ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಗಂಡ ಹೆಂಡತಿಗೆ ತಲೆ ಅನ್ನುವ 23ನೇ ವಚನ ನಮಗೆಲ್ಲ ಬಾಯಿಪಾಠ. ಎರಡೇ ವಚನ ಮುಂದೆ ಹೋದರೆ ಕ್ರಿಸ್ತನು ಸಭೆಗಾಗಿ, ಅಂದರೆ ಚರ್ಚಿಗಾಗಿ, ತನ್ನನ್ನೇ ಕೊಟ್ಟ ಹಾಗೆ ಹೆಂಡತಿಯನ್ನು ಪ್ರೀತಿಸಿ ಅಂತಿದೆ. ತನ್ನನ್ನೇ ಕೊಟ್ಟ, ಹೆಂಡತಿಯ ಬಳೆ ಅಲ್ಲ! 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಇಲ್ಲೇ ಕೂತು ಬೈಬಲನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದರು, ಅದೇ ಊರಲ್ಲಿ ನಾವು ಅರ್ಧ ಓದಿ ಮುಚ್ಚಿಡುತ್ತೇವೆ.

ಹಾಗಾದರೆ ಏನು ಮಾಡಬೇಕು? ಹಳೇ ಬಿಲ್ಲಿನ ಹಿಂದೆ ನಡುವೆ ಒಂದು ಗೆರೆ ಎಳೆಯಿರಿ. ಹೊಸ ಕೆಲಸದಿಂದ ನಿಮಗೆ ಜಾಸ್ತಿಯಾಗುವ ದುಡಿಮೆ ಒಂದು ಕಡೆ, ಅವಳಿಗೆ ಜಾಸ್ತಿಯಾಗುವುದು ಇನ್ನೊಂದು ಕಡೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆಯಿರಿ, ಇಲ್ಲದಿದ್ದರೆ ಅವಳ ಕಡೆ ಖಾಲಿ ಉಳಿಯುತ್ತೆ. ನನ್ನ ಕಡೆ ನಾಲ್ಕು ಸಾಲು ಬಂತು. ಅವಳ ಕಡೆ ಟೈಲರ್‌ಗಳಿಗೆ ಚಹಾ, ಬಂಡಲ್ ಎಣಿಸೋದು, ದಾರ ಕತ್ತರಿಸೋದು, ಮಕ್ಕಳ ಹೋಮ್‌ವರ್ಕ್, ನಾನು ಇಲ್ಲದಾಗ ಸಾಲ ಕೊಟ್ಟವರಿಗೆ ಉತ್ತರ ಹೇಳೋದು, ಹೀಗೆ ಕಾಗದದ ಕೊನೆವರೆಗೂ ಹೋಯಿತು. ಸಾಲ ಎಷ್ಟು, ಕಂತು ಎಷ್ಟು ತಿಂಗಳು ಅನ್ನೋದನ್ನೂ ಅದರಲ್ಲೇ ಬರೆಯಿರಿ.

ಹೊಸದಾಗಿ ಮದುವೆಯಾದವರು ಧರ್ಮೋಪದೇಶಕಾಂಡ 24:5 ಓದಿ. ಹೊಸ ಮದುಮಗನನ್ನು ಒಂದು ವರ್ಷ ಯುದ್ಧಕ್ಕೂ ಕಳಿಸುವಂತಿರಲಿಲ್ಲ, ಮನೆಯಲ್ಲಿದ್ದು ಹೆಂಡತಿಯನ್ನು ಸಂತೋಷಪಡಿಸಬೇಕಿತ್ತು. ಯುದ್ಧವೇ ಕಾಯುತ್ತೆ ಅಂದಮೇಲೆ ನಿಮ್ಮ ಸಾಲವೂ ಕಾಯಬಹುದು, ಅಲ್ವಾ?

ಹಬ್ಬದ ಆರ್ಡರ್ ಬಂದಾಗ ರಾತ್ರಿ ಹನ್ನೊಂದಾಗುತ್ತೆ, ತಪ್ಪಿಸೋಕೆ ಆಗಲ್ಲ. ಆದರೆ ಯಾವ ತಾರೀಖಿಗೆ ಮುಗಿಯುತ್ತೆ ಅಂತ ಮೊದಲೇ ಹೇಳಿ, ಆ ತಾರೀಖನ್ನು ನೀವೇ ಮುಂದೂಡಬೇಡಿ. ಭಾನುವಾರ ಆರಾಧನೆ ಮುಗಿಸಿ ಹಾಗೇ ಜೀನ್ಸ್ ತೊಳೆಯುವ ವಾಷಿಂಗ್ ಯೂನಿಟ್ ಕಡೆ ಬೈಕ್ ತಿರುಗಿಸೋದು ನನ್ನ ಚಾಳಿಯಾಗಿತ್ತು. ಈಗ ಇಬ್ಬರೂ ಎಲ್ಲಾದರೂ ಉಗ್ಗಾಣಿ, ಮಿರ್ಚಿ ತಿಂದು ಮನೆಗೆ ಹೋಗುತ್ತೇವೆ.

ಇನ್ನೊಂದು, ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ಸಭೆಯ ಕಮಿಟಿ, ಸೆಕ್ರೆಟರಿ ಹುದ್ದೆ, ವಾರಕ್ಕೆ ಮೂರು ಮನೆ ಪ್ರಾರ್ಥನೆ ಕೂಡ ಎಷ್ಟೋ ಸಲ ನಮ್ಮ ಹೆಸರಿನ ಆಸೆಯೇ. ದೇವರ ಕೆಲಸ ಅಂದಮೇಲೆ ಹೆಂಡತಿ ಪಾಪ ಏನಂತ ಎದುರಾಡಬೇಕು? ಸ್ವಂತ ಮನೆ ನೋಡಿಕೊಳ್ಳಲಾರದವನು ಸಭೆಯನ್ನು ಹೇಗೆ ನೋಡಿಕೊಂಡಾನು ಅಂತ ಪೌಲನೇ 1 ತಿಮೊಥೆಯ 3:5ರಲ್ಲಿ ಕೇಳಿದ್ದಾನೆ. ವಾರಕ್ಕೆ ಒಂದು ಸಂಜೆ ಇಟ್ಟುಕೊಳ್ಳಿ, ಉಳಿದದ್ದನ್ನು ಬೇರೆಯವರು ಮಾಡಲಿ.

ಅವಳ ಆಸೆ ಏನು ಅಂತಲೂ ಕೇಳಿ, ಕೇಳಿ ಸುಮ್ನೆ ಇರಬೇಡಿ. ನನ್ನವಳು ಅರ್ಧಕ್ಕೆ ಬಿಟ್ಟ ಬಿ.ಎಡ್ ಮುಗಿಸಬೇಕು ಅಂದಳು. ಸಂಜೆ ಮಕ್ಕಳನ್ನು ನೋಡಿಕೊಳ್ಳೋದು ಈಗ ನನ್ನ ಪಾಳಿ, ಅನ್ನ ಮಾಡೋದೂ ಕಲಿತೆ, ಸಾರು ಇನ್ನೂ ಕೆಡುತ್ತೆ.

ಅವಳು ಬೇಡ ಅಂದರೆ ಯಾಕೆ ಅಂತ ಕೇಳಿ, ಕೂಡಲೇ ವಚನ ತೆಗೆಯಬೇಡಿ. ನನ್ನವಳಿಗೆ ಮಷಿನ್ ಮೇಲೆ ಸಿಟ್ಟಿರಲಿಲ್ಲ. ಆರ್ಡರ್ ಇಲ್ಲದ ತಿಂಗಳು ಕಂತು ಹೇಗೆ ಕಟ್ಟೋದು ಅನ್ನುವ ಭಯ ಇತ್ತು, ನನ್ನ ಲೆಕ್ಕದಲ್ಲಿ ಆ ತಿಂಗಳೇ ಇರಲಿಲ್ಲ. ಆರು ಮಷಿನ್‌ಗೆ ನಿಲ್ಲಿಸಿದೆವು. ಉಳಿದ ಅಡ್ವಾನ್ಸ್ ವಾಪಸ್ ಕೊಡಲು ಅಂಗಡಿಯವನು ಎರಡು ತಿಂಗಳು ಸತಾಯಿಸಿದ, ಕೊನೆಗೆ ಇವಳೇ ಹೋಗಿ ತಂದಳು.