ಟಾಮ್‌ಕ್ಯಾಟ್‌ನಲ್ಲಿ ಸೆಷನ್ ಐಡಿ ಕೈತಪ್ಪಿದಾಗ ಎಲ್ಲಿ ಹುಡುಕಬೇಕು

ಲಾಗಿನ್ ಆದ ಬಳಕೆದಾರ ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಮತ್ತೆ ಲಾಗಿನ್ ಪುಟವೇ ಎದುರಾಗುತ್ತಿದೆ ಎಂಬ ದೂರು ಬಂದರೆ, ಹೆಚ್ಚಿನವರು ಮೊದಲು ಮಾಡುವ ಕೆಲಸ ಸೆಷನ್ (ಬಳಕೆದಾರನ ಒಂದು ಭೇಟಿಯ ಬಗ್ಗೆ ಸರ್ವರ್ ಇಟ್ಟುಕೊಳ್ಳುವ ನೆನಪು) ಅವಧಿಯನ್ನು 30 ನಿಮಿಷದಿಂದ ಎರಡು ಗಂಟೆಗೆ ಏರಿಸುವುದು. ಅದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಜಾವಾ ವೆಬ್ ಅಪ್ಲಿಕೇಶನ್‌ಗಳನ್ನು ನಡೆಸುವ ಸರ್ವರ್ ಆದ ಅಪಾಚೆ ಟಾಮ್‌ಕ್ಯಾಟ್ ಪ್ರತಿ ಸೆಷನ್‌ಗೂ 16 ಬೈಟ್‌ಗಳ ಯಾದೃಚ್ಛಿಕ ಸಂಖ್ಯೆಯೊಂದನ್ನು ಹುಟ್ಟಿಸಿ, ಅದನ್ನು 32 ಹೆಕ್ಸ್ ಅಕ್ಷರಗಳಾಗಿ ಬರೆದು, ‘ಜೆಸೆಷನ್‌ಐಡಿ’ ಎಂಬ ಕುಕಿಯಲ್ಲಿ (ಬ್ರೌಸರ್ ಉಳಿಸಿಕೊಳ್ಳುವ ಚಿಕ್ಕ ಚೀಟಿ) ಬ್ರೌಸರ್‌ಗೆ ಕೊಡುತ್ತದೆ. ಬ್ರೌಸರ್ ಅದನ್ನು ಪ್ರತಿ ಕೋರಿಕೆಯೊಂದಿಗೂ ಹಿಂದಿರುಗಿಸಬೇಕು. ಸರ್ವರ್ ಅದನ್ನು ತನ್ನಲ್ಲಿರುವ ಸೆಷನ್‌ಗಳ ನಡುವೆ ಹುಡುಕಿ ಗುರುತಿಸಬೇಕು. ಈ ಎರಡರಲ್ಲಿ ಯಾವುದು ತಪ್ಪುತ್ತಿದೆ ಎಂದು ತಿಳಿಯುವವರೆಗೆ ಒಂದು ಸೆಟ್ಟಿಂಗನ್ನೂ ಮುಟ್ಟದಿರುವುದು ಒಳ್ಳೆಯದು.

ತಿಳಿಯುವ ದಾರಿ ಟಾಮ್‌ಕ್ಯಾಟ್‌ನ ಆ್ಯಕ್ಸೆಸ್ ಲಾಗ್‌ನಲ್ಲೇ, ಅಂದರೆ ಬಂದ ಪ್ರತಿ ಕೋರಿಕೆಗೂ ಒಂದು ಸಾಲು ಬರೆಯುವ ದಾಖಲೆಯಲ್ಲೇ, ಇದೆ. ‘ಸರ್ವರ್.ಎಕ್ಸ್‌ಎಂಎಲ್’ ಕಡತದಲ್ಲಿ ಆ್ಯಕ್ಸೆಸ್ ಲಾಗ್ ವಾಲ್ವ್‌ನ (ಆ ಲಾಗ್ ಬರೆಯುವ ಘಟಕ) ಪ್ಯಾಟರ್ನ್‌ಗೆ ಎರಡು ಅಂಕಣಗಳನ್ನು ಸೇರಿಸಿ. ಒಂದು, ಶೇಕಡಾ ಚಿಹ್ನೆ, ಪುಷ್ಪಾವರಣದೊಳಗೆ ಕುಕಿಯ ಹೆಸರು, ಕೊನೆಗೆ ಚಿಕ್ಕಕ್ಷರದ ‘ಸಿ’: ಇದು ಬ್ರೌಸರ್ ತಂದುಕೊಟ್ಟ ಐಡಿಯನ್ನು ಬರೆಯುತ್ತದೆ. ಇನ್ನೊಂದು, ಶೇಕಡಾ ಚಿಹ್ನೆಯ ಮುಂದೆ ದೊಡ್ಡಕ್ಷರದ ‘ಎಸ್’: ಇದು ಆ ಕೋರಿಕೆಗೆ ಸರ್ವರ್ ಬಳಸಿದ ಸೆಷನ್‌ನ ಐಡಿಯನ್ನು ಬರೆಯುತ್ತದೆ. ಸರ್ವರನ್ನು ಮತ್ತೆ ಶುರುಮಾಡಿ, ಒಂದೇ ಬ್ರೌಸರ್‌ನಿಂದ ನಾಲ್ಕೈದು ಪುಟ ತೆರೆದು, ಎರಡು ಅಂಕಣಗಳನ್ನೂ ಅಕ್ಕಪಕ್ಕ ಇಟ್ಟು ಓದಿ.

ಮೊದಲ ಅಂಕಣದಲ್ಲಿ ಪ್ರತಿ ಸಾಲಿನಲ್ಲೂ ಬರೀ ಅಡ್ಡಗೆರೆ ಇದ್ದು, ಎರಡನೆಯದರಲ್ಲಿ ಪ್ರತಿ ಸಲ ಹೊಸ ಐಡಿ ಕಂಡರೆ, ಬ್ರೌಸರ್ ಕುಕಿಯನ್ನು ಹಿಂದಿರುಗಿಸುತ್ತಿಲ್ಲ ಎಂದರ್ಥ. ಇಲ್ಲಿ ನೋಡಬೇಕಾದದ್ದು ಕುಕಿಯ ಪಾತ್, ಅಂದರೆ ತಾಣದ ಯಾವ ವಿಳಾಸಗಳಿಗೆ ಅದನ್ನು ಕಳುಹಿಸಬೇಕು ಎಂಬ ನಮೂದು. ಟಾಮ್‌ಕ್ಯಾಟ್ ತನ್ನ ಕುಕಿಗೆ ಅಪ್ಲಿಕೇಶನ್‌ನ ಕಾಂಟೆಕ್ಸ್ಟ್ ಪಾತನ್ನೇ (ಟಾಮ್‌ಕ್ಯಾಟ್‌ನಲ್ಲಿ ಅದು ನೆಲೆಸಿರುವ ವಿಳಾಸ) ಅಂಟಿಸುತ್ತದೆ. ಅಪ್ಲಿಕೇಶನ್ ಒಳಗೆ ‘/ಶಾಪ್’ ಎಂಬಲ್ಲಿದ್ದು, ಮುಂದೆ ನಿಂತಿರುವ ಅಪಾಚೆ ವೆಬ್ ಸರ್ವರ್ ಅದನ್ನು ಹೊರಗಿನವರಿಗೆ ತಾಣದ ಮೂಲವಾಗಿಯೇ ತೋರಿಸುತ್ತಿದ್ದರೆ, ಬ್ರೌಸರ್ ‘/ಶಾಪ್’ಗೆ ಸೇರಿದ ಕುಕಿಯನ್ನು ಇಟ್ಟುಕೊಂಡು ಕೂರುತ್ತದೆಯೇ ಹೊರತು ಮೂಲ ವಿಳಾಸಕ್ಕೆ ಕಳುಹಿಸುವುದಿಲ್ಲ. ‘ಪ್ರಾಕ್ಸಿಪಾಸ್‌ರಿವರ್ಸ್‌ಕುಕಿಪಾತ್’ ಎಂಬ ನಿರ್ದೇಶನದಿಂದ ಪಾತನ್ನು ತಿದ್ದಬಹುದು. ಆದರೆ ಅಪ್ಲಿಕೇಶನ್ನನ್ನೇ ರೂಟ್ ಕಾಂಟೆಕ್ಸ್ಟ್‌ನಲ್ಲಿ, ಅಂದರೆ ಟಾಮ್‌ಕ್ಯಾಟ್‌ನ ಮೂಲ ವಿಳಾಸದಲ್ಲೇ, ಇಡುವುದು ನನಗೆ ಹೆಚ್ಚು ನೆಮ್ಮದಿಯ ದಾರಿಯಾಗಿ ಕಂಡಿದೆ.

ಪಾತ್ ಸರಿಯಿದ್ದರೆ ‘ಸೆಕ್ಯೂರ್’ ಗುರುತನ್ನು ನೋಡಿ. ಅದಿರುವ ಕುಕಿ ಎಚ್‌ಟಿಟಿಪಿಎಸ್ ಮೂಲಕ ಮಾತ್ರ ಹೋಗುತ್ತದೆ. ಎಚ್‌ಟಿಟಿಪಿಎಸ್ ಮುಂದಿನ ಸರ್ವರ್‌ನಲ್ಲೇ ಮುಗಿದು, ಹಿಂದಿರುವ ಟಾಮ್‌ಕ್ಯಾಟ್‌ಗೆ ಸಾದಾ ಎಚ್‌ಟಿಟಿಪಿ ಹೋಗುತ್ತಿದ್ದರೆ, ಟಾಮ್‌ಕ್ಯಾಟ್ ತನ್ನ ರೀಡೈರೆಕ್ಟ್ ವಿಳಾಸಗಳನ್ನು ಎಚ್‌ಟಿಟಿಪಿ ಎಂದೇ ಕಟ್ಟಬಹುದು. ಆ ವಿಳಾಸಕ್ಕೆ ಹೋದ ಬ್ರೌಸರ್ ಸೆಕ್ಯೂರ್ ಕುಕಿಯನ್ನು ಒಯ್ಯುವುದಿಲ್ಲ. ಮುಂದಿನ ಸರ್ವರ್ ‘ಎಕ್ಸ್-ಫಾರ್ವರ್ಡೆಡ್-ಪ್ರೋಟೋ’ ಹೆಡರ್ ಕಳುಹಿಸುವಂತೆಯೂ, ಟಾಮ್‌ಕ್ಯಾಟ್‌ನ ರಿಮೋಟ್ ಐಪಿ ವಾಲ್ವ್ ಅದನ್ನು ಓದುವಂತೆಯೂ ಮಾಡಿದರೆ ಇದು ಸರಿಹೋಗುತ್ತದೆ.

ಹಣ ಪಾವತಿಸಿ ಹಿಂದಿರುಗಿದವರಿಗೆ ಮಾತ್ರ ಸೆಷನ್ ಹೋಗುತ್ತಿದ್ದರೆ ಕಾರಣ ಬಹುಪಾಲು ‘ಸೇಮ್‌ಸೈಟ್’: ಬೇರೆ ತಾಣದಿಂದ ಹೊರಟ ಕೋರಿಕೆಯ ಜೊತೆ ಕುಕಿ ಹೋಗಬೇಕೇ ಎಂದು ಹೇಳುವ ಗುರುತು. 2020ರ ಫೆಬ್ರವರಿಯಲ್ಲಿ ಬಂದ ಕ್ರೋಮ್ 80ರಿಂದ ಶುರುವಾಗಿ, ಸೇಮ್‌ಸೈಟ್ ನಮೂದಿಸದ ಕುಕಿಯನ್ನು ಬ್ರೌಸರ್ ‘ಲ್ಯಾಕ್ಸ್’ ಎಂದು ಭಾವಿಸುತ್ತದೆ. ಬ್ಯಾಂಕಿನ ಪುಟದಿಂದ ಪೋಸ್ಟ್ ವಿಧಾನದಲ್ಲಿ ನಿಮ್ಮ ತಾಣಕ್ಕೆ ಮರಳುವಾಗ ಅಂಥ ಕುಕಿ ಜೊತೆಗೆ ಬರುವುದಿಲ್ಲ. ಇದನ್ನು ಹಿಡಿಯುವುದು ಕಷ್ಟವಾಗಲು ಕ್ರೋಮ್ ಕೊಟ್ಟ ಒಂದು ವಿನಾಯಿತಿಯೇ ಕಾರಣ: ಹುಟ್ಟಿ ಎರಡು ನಿಮಿಷ ತುಂಬದ ಕುಕಿಯನ್ನು ಅದು ಹೀಗೆ ತಡೆಯುವುದಿಲ್ಲ. ಹಾಗಾಗಿ ಪರೀಕ್ಷಿಸುವವನು ಚಕಚಕನೆ ಒತ್ತಿ ಪಾವತಿ ಮುಗಿಸಿದಾಗ ಎಲ್ಲವೂ ಸರಿಯಾಗಿರುತ್ತದೆ. ಸಾಮಾನು ಆರಿಸಿ, ಒಟಿಪಿಗೆ ಕಾದು ಕುಳಿತ ಗ್ರಾಹಕನಿಗೆ ಮಾತ್ರ ಲಾಗಿನ್ ಪುಟ ಬರುತ್ತದೆ. ಕಾಂಟೆಕ್ಸ್ಟ್‌ನ ಕುಕಿ ಪ್ರೊಸೆಸರ್‌ನಲ್ಲಿ ಸೇಮ್‌ಸೈಟ್ ಮೌಲ್ಯವನ್ನು ‘ನನ್’ ಎಂದು ಇಡಬಹುದು, ಆಗ ಸೆಕ್ಯೂರ್ ಗುರುತು ಕಡ್ಡಾಯ. ಆದರೆ ಹಾಗೆ ಮಾಡಿದರೆ ಸೇಮ್‌ಸೈಟ್ ಕೊಡುತ್ತಿದ್ದ ರಕ್ಷಣೆ ಇಡೀ ತಾಣಕ್ಕೆ ಇಲ್ಲವಾಗುತ್ತದೆ. ಪಾವತಿಯ ಮರಳುವಿಕೆಯನ್ನು ಸೆಷನ್ ಬೇಡದ ಪುಟವೊಂದರಲ್ಲಿ ಸ್ವೀಕರಿಸಿ, ಅಲ್ಲಿಂದ ಮುಂದಕ್ಕೆ ಕಳುಹಿಸುವುದೇ ಮೇಲು.

ಬ್ರೌಸರ್ ಐಡಿಯನ್ನು ತಂದರೂ ಎರಡನೆಯ ಅಂಕಣದಲ್ಲಿ ಬೇರೆ ಐಡಿ ಇದ್ದರೆ, ತಪ್ಪು ಸರ್ವರ್ ಕಡೆಯದು. ಲಾಗಿನ್ ಆದ ಆ ಒಂದು ಸಾಲಿನಲ್ಲಿ ಮಾತ್ರ ಐಡಿ ಬದಲಾಗಿದ್ದರೆ ಗಾಬರಿಯಾಗಬೇಡಿ. ಹಳೆಯ ಐಡಿಯನ್ನು ಮೊದಲೇ ತಿಳಿದವನು ಒಳಗೆ ನುಸುಳದಂತೆ ಟಾಮ್‌ಕ್ಯಾಟ್ ಬೇಕೆಂದೇ ಹಾಗೆ ಮಾಡುತ್ತದೆ. ಅದಲ್ಲದೆ ಬೇರೆಡೆ ಬದಲಾಗುತ್ತಿದ್ದು, ಒಂದಕ್ಕಿಂತ ಹೆಚ್ಚು ಟಾಮ್‌ಕ್ಯಾಟ್‌ಗಳಿದ್ದರೆ, ಐಡಿಯ ಬಾಲವನ್ನು ನೋಡಿ. ‘ಜೆವಿಎಂರೂಟ್’ (ಪ್ರತಿ ಟಾಮ್‌ಕ್ಯಾಟ್‌ಗೆ ಇಡುವ ಗುರುತಿನ ಹೆಸರು) ಕೊಟ್ಟಿದ್ದರೆ 32 ಅಕ್ಷರಗಳ ನಂತರ ಒಂದು ಚುಕ್ಕಿ, ಅದರಾಚೆ ಆ ಯಂತ್ರದ ಹೆಸರು ಇರುತ್ತದೆ. ಕೋರಿಕೆಗಳನ್ನು ಯಂತ್ರಗಳ ನಡುವೆ ಹಂಚುವ ಬ್ಯಾಲೆನ್ಸರ್ ಆ ಹೆಸರನ್ನು ನೋಡಿಯೇ ಬಳಕೆದಾರನನ್ನು ಅದೇ ಯಂತ್ರಕ್ಕೆ ಕಳುಹಿಸುತ್ತದೆ.

ನಾನು ನೋಡಿಕೊಳ್ಳುತ್ತಿದ್ದ ತಾಣವೊಂದರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮೊದಲ ಸಲ ಲಾಗಿನ್ ವಿಫಲವಾಗಿ, ಎರಡನೆಯ ಸಲ ಸರಿಯಾಗುತ್ತಿತ್ತು. ಎರಡು ಸಲ ಒತ್ತುವುದನ್ನೇ ಜನ ರೂಢಿ ಮಾಡಿಕೊಂಡಿದ್ದರಿಂದ ದೂರು ನಮ್ಮವರೆಗೆ ಬರುವುದೇ ತಡವಾಯಿತು. ಲಾಗ್ ನೋಡಿದರೆ ಎರಡೂ ಯಂತ್ರಗಳು ‘.ನೋಡ್1’ ಎಂದೇ ಐಡಿ ಕೊಡುತ್ತಿದ್ದವು: ಎರಡನೆಯ ಯಂತ್ರವನ್ನು ಮೊದಲನೆಯದರಿಂದ ಕ್ಲೋನ್ ಮಾಡಿದಾಗ ಯಾರೂ ಜೆವಿಎಂರೂಟ್ ಬದಲಿಸಿರಲಿಲ್ಲ. ಎರಡನೆಯದರಲ್ಲಿ ಸೆಷನ್ ಶುರುಮಾಡಿದವನನ್ನು ಬ್ಯಾಲೆನ್ಸರ್ ಮೊದಲನೆಯದಕ್ಕೆ ಕಳುಹಿಸುತ್ತಿತ್ತು. ಅದು ಅವನನ್ನು ಗುರುತಿಸದೆ ಹೊಸ ಐಡಿ ಕೊಡುತ್ತಿತ್ತು. ಅಲ್ಲಿಂದ ಮುಂದೆ ಅವನು ಅಲ್ಲೇ ನೆಲೆಯಾಗುತ್ತಿದ್ದ. ಬ್ಯಾಲೆನ್ಸರ್‌ನ ‘ರೂಟ್’ (route) ಮೌಲ್ಯವೂ ಜೆವಿಎಂರೂಟ್ ಕೂಡ ಅಕ್ಷರಕ್ಕೆ ಅಕ್ಷರ ಹೊಂದಿಕೆಯಾಗಬೇಕು, ದೊಡ್ಡಕ್ಷರ ಚಿಕ್ಕಕ್ಷರಗಳ ಸಮೇತ.

ಒಂದೇ ಯಂತ್ರದಲ್ಲಿ 8080 ಮತ್ತು 8081 ಪೋರ್ಟ್‌ಗಳಲ್ಲಿ ಎರಡು ಟಾಮ್‌ಕ್ಯಾಟ್‌ಗಳಿದ್ದರೂ ಇದೇ ಲಕ್ಷಣ ಕಾಣುತ್ತದೆ. ಕುಕಿಗಳು ಪೋರ್ಟ್ ಭೇದ ಮಾಡುವುದಿಲ್ಲವಾದ್ದರಿಂದ ಒಂದರ ಕುಕಿಯನ್ನು ಇನ್ನೊಂದು ಅಳಿಸಿ ಬರೆಯುತ್ತದೆ. ಕಾಂಟೆಕ್ಸ್ಟ್‌ನಲ್ಲಿ ‘ಸೆಷನ್‌ಕುಕಿನೇಮ್’ ಮೂಲಕ ಒಂದಕ್ಕೆ ಬೇರೆ ಹೆಸರಿಟ್ಟರೆ ಸಾಕು. ಎರಡು ಅಂಕಣಗಳೂ ಕೊನೆಯವರೆಗೆ ಒಂದೇ ಆಗಿದ್ದರೆ ಐಡಿಯ ತಪ್ಪಿಲ್ಲ. ಅಪ್ಲಿಕೇಶನ್ನಿನ ಕೋಡನ್ನೇ ನೋಡಬೇಕು.

ಇಬ್ಬರಿಗೆ ಒಂದೇ ಐಡಿ ಸಿಕ್ಕಿದೆ ಎಂಬ ದೂರು ಅಪರೂಪ, ಆದರೆ ಬಂದರೆ ಅದೇ ದಿನ ಕೈಗೆತ್ತಿಕೊಳ್ಳಬೇಕಾದದ್ದು. 128 ಬಿಟ್‌ಗಳ ಯಾದೃಚ್ಛಿಕ ಸಂಖ್ಯೆ ತಾನಾಗಿ ಮರುಕಳಿಸುತ್ತದೆಂದು ಶಂಕಿಸುವುದಕ್ಕಿಂತ, ಟಾಮ್‌ಕ್ಯಾಟ್‌ನ ಮುಂದೆ ನಿಂತು ಉತ್ತರಗಳನ್ನು ಕೂಡಿಡುವ ಕ್ಯಾಶ್ ಒಬ್ಬನಿಗೆ ಬಂದ ಉತ್ತರವನ್ನು ಕುಕಿ ಸಮೇತ ಉಳಿಸಿಕೊಂಡು ಇನ್ನೊಬ್ಬನಿಗೂ ಕೊಡುತ್ತಿದೆಯೇ ಎಂದು ನೋಡಿ. ಇಲ್ಲವೇ ವಿಳಾಸದೊಳಗೆ ಅರ್ಧವಿರಾಮದ ನಂತರ ಐಡಿ ಸೇರಿಕೊಂಡಿದ್ದು, ಯಾರೋ ಆ ಕೊಂಡಿಯನ್ನು ವಾಟ್ಸಾಪ್‌ನಲ್ಲಿ ಹಂಚಿರಬಹುದು. ‘ವೆಬ್.ಎಕ್ಸ್‌ಎಂಎಲ್’ನಲ್ಲಿ ಟ್ರ್ಯಾಕಿಂಗ್ ಮೋಡ್ (ಐಡಿ ಸಾಗುವ ವಿಧಾನ) ಅನ್ನು ಕುಕಿಗೆ ಸೀಮಿತಗೊಳಿಸಿದರೆ ಈ ಎರಡನೆಯದು ನಿಲ್ಲುತ್ತದೆ.

ದೋಷ ಸಿಕ್ಕಿ ಸರಿಯಾದ ಮೇಲೆ ಲಾಗ್‌ಗೆ ಸೇರಿಸಿದ ಎರಡು ಅಂಕಣಗಳನ್ನು ತೆಗೆದುಹಾಕಿ, ಆ ದಿನಗಳ ಲಾಗ್ ಕಡತಗಳನ್ನೂ ಅಳಿಸಿ. ಅವುಗಳಲ್ಲಿರುವ ಪ್ರತಿಯೊಂದು ಐಡಿಯೂ ಅದರ ಅವಧಿ ಮುಗಿಯುವವರೆಗೆ ಯಾರದೋ ಖಾತೆಯ ಕೀಲಿಕೈ.